ಹ್ಯಾಮರ್ ಡ್ರಿಲ್ ಮಷಿನ್: ಒಳಗೆ ಏನಿದೆ, ಗ್ರೀಸ್ ಎಲ್ಲಿ ಹಚ್ಚಬೇಕು, ಯಾವುದಕ್ಕೆ ಎಚ್ಚರ ಬೇಕು? ಇಲ್ಲಿದೆ ಪೂರ್ಣ ಮಾಹಿತಿ

ಹೊಸ ಫ್ಲ್ಯಾಟ್‌ಗೆ ಬಂದ ಮೊದಲ ವಾರದಲ್ಲೇ ಡ್ರಿಲ್ ಮಷಿನ್ ಬೇಕಾಗುತ್ತದೆ. ಪರದೆಯ ರಾಡ್, ವಾಟರ್ ಪ್ಯೂರಿಫೈಯರ್, ಟಿವಿ ಸ್ಟ್ಯಾಂಡ್, ದೇವರ ಪಟ, ಬಟ್ಟೆ ಒಣಗಿಸುವ ಹಗ್ಗ, ಹೀಗೆ ಎಲ್ಲದಕ್ಕೂ ಗೋಡೆಗೆ ತೂತು ಹೊಡೆಯಲೇಬೇಕು. ಮುಂಬೈ, ಪುಣೆ, ಹೈದರಾಬಾದ್‌ನಂತಹ ನಗರಗಳಲ್ಲಿ ಎರಡು ತೂತು ಹೊಡೆಯಲು ಕೆಲಸಗಾರರನ್ನು ಕರೆದು ಕಾಯುವುದಕ್ಕಿಂತ ಸ್ವಂತಕ್ಕೆ ಒಂದು ಮಷಿನ್ ಇಟ್ಟುಕೊಳ್ಳುವುದೇ ವಾಸಿ ಎಂದುಕೊಳ್ಳುವವರು ಹೆಚ್ಚುತ್ತಿದ್ದಾರೆ.

ಮಷಿನ್ ಕೊಳ್ಳುವುದು ಸುಲಭ. ಆದರೆ ಗೋಡೆಯೊಳಗಿನ ಕರೆಂಟ್ ವೈರ್, ಕಬ್ಬಿಣದ ಸರಳಿಗೆ ಸಿಕ್ಕಿ ತಿರುಚುವ ಮಷಿನ್, ಶ್ವಾಸಕೋಶಕ್ಕೆ ಇಳಿಯುವ ಸಿಮೆಂಟ್ ಧೂಳು, ಈ ಮೂರರಲ್ಲಿ ಯಾವುದನ್ನು ಕಡೆಗಣಿಸಿದರೂ ಅಪಾಯ. ಮಷಿನ್ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಬಹುತೇಕ ಎಚ್ಚರಿಕೆಗಳ ಕಾರಣ ತಾನಾಗಿಯೇ ಅರ್ಥವಾಗುತ್ತದೆ. ಗ್ರೀಸ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೂ ಸ್ಪಷ್ಟವಾಗುತ್ತದೆ.

ಹ್ಯಾಮರ್ ಡ್ರಿಲ್ ಎಂದರೆ ಒಂದಲ್ಲ, ಎರಡು ಮಷಿನ್

ಅಂಗಡಿಯಲ್ಲಿ 'ಹ್ಯಾಮರ್ ಡ್ರಿಲ್' ಎಂದು ಕೇಳಿದರೆ ಎರಡು ಬೇರೆ ಬೇರೆ ಮಷಿನ್‌ಗಳನ್ನು ತೋರಿಸಬಹುದು. ಎರಡೂ ಬಿಟ್ ಅನ್ನು ತಿರುಗಿಸುತ್ತಲೇ ಮುಂದಕ್ಕೆ ಬಡಿಯುತ್ತವೆ. ಆದರೆ ಬಡಿಯುವ ವಿಧಾನ ಪೂರ್ತಿ ಬೇರೆ.

ಮೊದಲನೆಯದು ಇಂಪ್ಯಾಕ್ಟ್ ಡ್ರಿಲ್. ಪಿಸ್ತೂಲಿನ ಆಕಾರದ, ಮೂರು ಹಲ್ಲಿನ ಚಕ್ ಇರುವ, ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮಷಿನ್ ಇದು. ಮರ, ಲೋಹ, ಇಟ್ಟಿಗೆ ಮೂರಕ್ಕೂ ಬಳಸಬಹುದು. 10 ಅಥವಾ 13 ಮಿ.ಮೀ. ಚಕ್ ಇರುವ ಮಾದರಿಗಳು ಹೆಚ್ಚು ಬಳಕೆಯಲ್ಲಿವೆ.

ಎರಡನೆಯದು ರೋಟರಿ ಹ್ಯಾಮರ್. ಸ್ವಲ್ಪ ಉದ್ದ, ಸ್ವಲ್ಪ ಭಾರ. ಇದರಲ್ಲಿ ಬಿಟ್ ಅನ್ನು ಚಕ್‌ನಲ್ಲಿ ಬಿಗಿಯುವುದಿಲ್ಲ. ಒಳಗೆ ತಳ್ಳಿದರೆ 'ಟಕ್' ಎಂದು ಕುಳಿತುಕೊಳ್ಳುತ್ತದೆ. ಕಾಂಕ್ರೀಟ್‌ಗಾಗಿಯೇ ಮಾಡಿದ್ದು. ಕಟ್ಟಡ ಕೆಲಸಗಾರರು ಎಷ್ಟೋ ಕಡೆ ಯಾವ ಕಂಪನಿಯದಾದರೂ ಇದನ್ನು 'ಹಿಲ್ಟಿ ಮಷಿನ್' ಎಂದೇ ಕರೆಯುತ್ತಾರೆ.

ಸ್ಕ್ರೂ ಬಿಗಿಯಲು ಬಳಸುವ 'ಇಂಪ್ಯಾಕ್ಟ್ ಡ್ರೈವರ್' ಇವೆರಡಕ್ಕಿಂತಲೂ ಬೇರೆ. ಅದು ಪಕ್ಕದಿಂದ ತಿರುಗುವ ದಿಕ್ಕಿಗೆ ಹೊಡೆತ ಕೊಡುತ್ತದೆಯೇ ಹೊರತು ಮುಂದಕ್ಕೆ ಬಡಿಯುವುದಿಲ್ಲ. ಹೆಸರು ನೋಡಿ ಮೋಸ ಹೋಗಬಾರದು.

ಎಲ್ಲಿಂದ ಬಂತು ಈ ಮಷಿನ್?

ಕೈಯಲ್ಲಿ ಹಿಡಿದು ಬಳಸುವ ಮೊದಲ ಎಲೆಕ್ಟ್ರಿಕ್ ಡ್ರಿಲ್ ತಯಾರಿಸಿದ್ದು ಜರ್ಮನಿಯ ಸ್ಟಟ್‌ಗಾರ್ಟ್ ನಗರದ ಫೈನ್ ಕಂಪನಿ, 1895ರಲ್ಲಿ. ಬೆರಳಿನಿಂದ ಒತ್ತುವ ಟ್ರಿಗರ್ ಮತ್ತು ಪಿಸ್ತೂಲಿನಂತಹ ಹಿಡಿಕೆಯ ವಿನ್ಯಾಸಕ್ಕೆ 1917ರಲ್ಲಿ ಅಮೆರಿಕದ ಬ್ಲ್ಯಾಕ್ ಆ್ಯಂಡ್ ಡೆಕರ್ ಪೇಟೆಂಟ್ ಪಡೆಯಿತು. ಇಂದಿಗೂ ಡ್ರಿಲ್‌ನ ರೂಪ ಅದೇ.

1932ರಲ್ಲಿ ಬಾಷ್ ಕಂಪನಿ ಮೋಟರ್ ಮತ್ತು ಗಾಳಿಯ ಒತ್ತಡ ಎರಡನ್ನೂ ಬಳಸುವ 'ಬಾಷ್ ಹ್ಯಾಮರ್' ಅನ್ನು ಮಾರುಕಟ್ಟೆಗೆ ತಂದಿತು. ಈ ಕಂಪನಿಯ ಭಾರತದ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಬಿಟ್ ಅನ್ನು ಒಳಗೆ ತಳ್ಳಿ ಕೂರಿಸುವ 'ಎಸ್‌ಡಿಎಸ್' ವ್ಯವಸ್ಥೆ 1970ರ ದಶಕದಲ್ಲಿ ಬಂತು. ಸಿಕ್ಕಿಸು, ತಿರುಗಿಸು, ಕೂತಿತು ಎಂಬರ್ಥದ ಜರ್ಮನ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ.

ಮಷಿನ್ ಒಳಗೆ ಏನು ನಡೆಯುತ್ತದೆ?

ಮೊದಲು ಮೋಟರ್. ವೈರ್ ಇರುವ ಬಹುತೇಕ ಡ್ರಿಲ್‌ಗಳಲ್ಲಿ ಇರುವುದು 'ಯೂನಿವರ್ಸಲ್ ಮೋಟರ್'. ಮಿಕ್ಸಿಯಲ್ಲಿರುವುದೂ ಇದೇ ಬಗೆಯದು. ತಿರುಗುವ ಭಾಗಕ್ಕೆ ಆರ್ಮೇಚರ್ ಎನ್ನುತ್ತಾರೆ. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಇರುತ್ತದೆ. ಎರಡು ಕಡೆಯಿಂದ ಸ್ಪ್ರಿಂಗ್ ಒತ್ತಡದಲ್ಲಿ ಕಾರ್ಬನ್ ಬ್ರಷ್‌ಗಳು ಅದನ್ನು ಮುಟ್ಟಿಕೊಂಡು ವಿದ್ಯುತ್ ಕೊಡುತ್ತವೆ. ಮಷಿನ್ ಓಡುವಾಗ ಹಿಂಬದಿಯ ಕಿಂಡಿಗಳಲ್ಲಿ ಕಾಣುವ ಸಣ್ಣ ನೀಲಿ ಕಿಡಿಗಳು ಇಲ್ಲಿಯವೇ. ಅಲ್ಪಸ್ವಲ್ಪ ಕಿಡಿ ಸಹಜ. ಸುತ್ತಲೂ ಬೆಂಕಿಯ ಉಂಗುರದಂತೆ ಕಂಡರೆ ಅದು ದೋಷ.

ಮೋಟರ್ ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ. ಅಷ್ಟು ವೇಗ ಬಿಟ್‌ಗೆ ಬೇಡ. ಹಾಗಾಗಿ ಗೇರ್‌ಗಳು ವೇಗವನ್ನು ಇಳಿಸಿ, ತಿರುಗಿಸುವ ಬಲವನ್ನು ಹೆಚ್ಚಿಸುತ್ತವೆ. ಆರ್ಮೇಚರ್ ಮೇಲೆಯೇ ಒಂದು ಫ್ಯಾನ್ ಇರುತ್ತದೆ. ಅದು ಕಿಂಡಿಗಳಿಂದ ಗಾಳಿ ಎಳೆದು ಮೋಟರ್ ಅನ್ನು ತಂಪಾಗಿಸುತ್ತದೆ. ಕೈಯಿಂದ ಕಿಂಡಿ ಮುಚ್ಚಿದರೆ, ಧೂಳು ಕಟ್ಟಿಕೊಂಡರೆ ಮೋಟರ್ ಬಿಸಿಯಾಗುವುದು ಇದೇ ಕಾರಣಕ್ಕೆ.

ಇಂಪ್ಯಾಕ್ಟ್ ಡ್ರಿಲ್ ಬಡಿಯುವುದು ಹೇಗೆ?

ಇದರಲ್ಲಿ ಎದುರುಬದುರಾಗಿ ಎರಡು ಹಲ್ಲಿನ ಬಿಲ್ಲೆಗಳಿರುತ್ತವೆ. ಒಂದು ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಹ್ಯಾಮರ್ ಗುರುತಿಗೆ ಸ್ವಿಚ್ ಇಟ್ಟು ಗೋಡೆಗೆ ಒತ್ತಿದಾಗ ಎರಡೂ ಒಂದಕ್ಕೊಂದು ತಾಗುತ್ತವೆ. ಹಲ್ಲಿನ ಮೇಲೆ ಹಲ್ಲು ಏರಿ ಇಳಿದಾಗ ಚಕ್ ಹಿಂದೆ ಮುಂದೆ ಜಿಗಿಯುತ್ತದೆ. ಬಿಲ್ಲೆಯಲ್ಲಿ 16 ಹಲ್ಲುಗಳಿದ್ದು ವೇಗ ನಿಮಿಷಕ್ಕೆ 2,800 ಸುತ್ತು ಎಂದುಕೊಂಡರೆ ನಿಮಿಷಕ್ಕೆ 44,800 ಹೊಡೆತಗಳಾಗುತ್ತವೆ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ಸಂಖ್ಯೆ ಇದು.

ಸಂಖ್ಯೆ ದೊಡ್ಡದು, ಆದರೆ ಪ್ರತಿ ಹೊಡೆತವೂ ಬಹಳ ಸಣ್ಣದು. ಹೊಡೆತದ ಬಲ ಬರುವುದು ಕೈಯ ಒತ್ತಡದಿಂದ. ಹಾಗಾಗಿಯೇ ಈ ಮಷಿನ್‌ನಲ್ಲಿ ಗೋಡೆಗೆ ಜೋರಾಗಿ ಒತ್ತಬೇಕಾಗುತ್ತದೆ. ಇಟ್ಟಿಗೆ ಗೋಡೆಗೆ ಇಷ್ಟು ಸಾಕು. ಗಟ್ಟಿ ಕಾಂಕ್ರೀಟ್ ಎದುರಾದರೆ ಬಿಟ್ ಕೆಂಪಗೆ ಕಾಯುತ್ತದೆಯೇ ಹೊರತು ತೂತು ಮುಂದಕ್ಕೆ ಹೋಗುವುದಿಲ್ಲ.

ರೋಟರಿ ಹ್ಯಾಮರ್ ಬಡಿಯುವುದು ಹೇಗೆ?

ಇಲ್ಲಿ ಹಲ್ಲಿನ ಬಿಲ್ಲೆಗಳಿಲ್ಲ. ಸಿಲಿಂಡರ್ ಒಳಗೆ ಒಂದು ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತದೆ. ಸಣ್ಣ ಮಷಿನ್‌ಗಳಲ್ಲಿ ಓರೆಯಾಗಿ ಕೂರಿಸಿದ ಬೇರಿಂಗ್, ದೊಡ್ಡ ಮಷಿನ್‌ಗಳಲ್ಲಿ ಕ್ರ್ಯಾಂಕ್ ಈ ಪಿಸ್ಟನ್ ಅನ್ನು ಓಡಿಸುತ್ತದೆ. ಪಿಸ್ಟನ್ ಮುಂದೆ ಉಕ್ಕಿನ ಒಂದು ತುಂಡು, ಅಂದರೆ ಸ್ಟ್ರೈಕರ್ ಇರುತ್ತದೆ. ಇವೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಇರುವುದು ಬರೀ ಗಾಳಿ.

ಪಿಸ್ಟನ್ ಮುಂದೆ ಬಂದಾಗ ನಡುವಿನ ಗಾಳಿ ಸ್ಪ್ರಿಂಗ್‌ನಂತೆ ಒತ್ತಿಕೊಂಡು ಸ್ಟ್ರೈಕರ್ ಅನ್ನು ಮುಂದಕ್ಕೆ ಎಸೆಯುತ್ತದೆ. ಅದು ಮುಂದಿನ ಉಕ್ಕಿನ ಬೋಲ್ಟ್‌ಗೆ ಬಡಿಯುತ್ತದೆ, ಬೋಲ್ಟ್ ಬಿಟ್‌ನ ಹಿಂಭಾಗಕ್ಕೆ ಬಡಿಯುತ್ತದೆ. ಪಿಸ್ಟನ್ ಹಿಂದೆ ಸರಿದಾಗ ಗಾಳಿ ತೆಳುವಾಗಿ ಸ್ಟ್ರೈಕರ್ ಮತ್ತೆ ಹಿಂದಕ್ಕೆ ಬರುತ್ತದೆ. ಇದು ನಿಮಿಷಕ್ಕೆ 4,000ದಿಂದ 5,000 ಸಲ ನಡೆಯುತ್ತದೆ.

ಎರಡು ಕಿಲೋ ತೂಕದ ಆಸುಪಾಸಿನ ಮಷಿನ್‌ನಲ್ಲಿ ಪ್ರತಿ ಹೊಡೆತದ ಶಕ್ತಿ ಸುಮಾರು 2ರಿಂದ 3 ಜೂಲ್. ಒಂದು ಕಿಲೋ ಸುತ್ತಿಗೆಯನ್ನು ಸುಮಾರು 25 ಸೆಂ.ಮೀ. ಎತ್ತರದಿಂದ ಬಿಟ್ಟರೆ ಬೀಳುವ ಪೆಟ್ಟಿಗೆ ಇದು ಸಮ. ಅಂತಹ ಪೆಟ್ಟು ಸೆಕೆಂಡಿಗೆ 70ಕ್ಕೂ ಹೆಚ್ಚು ಬಿದ್ದರೆ ಕಾಂಕ್ರೀಟ್ ಪುಡಿಯಾಗದೆ ಇನ್ನೇನಾದೀತು?

ಇದರಿಂದ ಬಳಕೆದಾರರು ತಿಳಿಯಬೇಕಾದ ಮಾತು ಒಂದೇ: ರೋಟರಿ ಹ್ಯಾಮರ್ ಅನ್ನು ಜೋರಾಗಿ ಒತ್ತುವ ಅಗತ್ಯವಿಲ್ಲ. ಕೆಲಸ ಮಾಡುವುದು ಗಾಳಿ, ಕೈ ಅಲ್ಲ. ಮಷಿನ್ ಜಾರದಂತೆ, ಪುಟಿಯದಂತೆ ಹಿಡಿದುಕೊಂಡರೆ ಸಾಕು. ಬಿಟ್ ಗೋಡೆಗೆ ತಾಗದೆ ಇದ್ದಾಗ ಸ್ಟ್ರೈಕರ್ ಮುಂದಕ್ಕೆ ಸರಿದು ನಿಲ್ಲುತ್ತದೆ, ಹೊಡೆತ ತಾನಾಗಿ ನಿಲ್ಲುತ್ತದೆ. ಗಾಳಿಯಲ್ಲಿ ಹಿಡಿದು ಓಡಿಸಿ 'ಬಡಿಯುತ್ತಲೇ ಇಲ್ಲ, ಮಷಿನ್ ಕೆಟ್ಟಿದೆ' ಎನ್ನುವುದು ತಪ್ಪು.

ಸೇಫ್ಟಿ ಕ್ಲಚ್ ಎಂಬ ಕಾವಲುಗಾರ

ಕಾಂಕ್ರೀಟ್ ಒಳಗೆ ಬಿಟ್ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡರೆ ಬಿಟ್ ನಿಲ್ಲುತ್ತದೆ, ಮೋಟರ್ ನಿಲ್ಲುವುದಿಲ್ಲ. ಆಗ ತಿರುಗುವುದು ಮಷಿನ್, ಅದರೊಂದಿಗೆ ಹಿಡಿದವರ ಮಣಿಕಟ್ಟು. ಇದನ್ನು ತಡೆಯಲೆಂದೇ ರೋಟರಿ ಹ್ಯಾಮರ್‌ನಲ್ಲಿ ಕ್ಲಚ್ ಇರುತ್ತದೆ. ಮಿತಿ ಮೀರಿದ ಬಲ ಬಂದಾಗ ಅದು 'ಕಟಕಟ' ಎಂದು ಜಾರಿ ಬಿಟ್‌ನಿಂದ ಮೋಟರ್ ಅನ್ನು ಬಿಡಿಸುತ್ತದೆ. ಈ ಸದ್ದು ಕೇಳಿದ ತಕ್ಷಣ ಟ್ರಿಗರ್ ಬಿಡಬೇಕು. ಕಡಿಮೆ ಬೆಲೆಯ ಇಂಪ್ಯಾಕ್ಟ್ ಡ್ರಿಲ್‌ಗಳಲ್ಲಿ ಎಷ್ಟೋ ಸಲ ಈ ಕ್ಲಚ್ ಇರುವುದಿಲ್ಲ. ಅಲ್ಲಿ ಪಕ್ಕದ ಹಿಡಿಕೆಯೇ ರಕ್ಷಣೆ. ಮಷಿನ್ ಜತೆ ಬಂದ ಆ ಹಿಡಿಕೆಯನ್ನು ಡಬ್ಬದಲ್ಲೇ ಬಿಟ್ಟು ಕೆಲಸ ಮಾಡುವುದು ಅಪಾಯಕ್ಕೆ ಆಹ್ವಾನ.

ಯಾವ ಗೋಡೆಗೆ ಯಾವ ಮಷಿನ್?

* ಇಟ್ಟಿಗೆ ಗೋಡೆ: ಹಳೆಯ ಕಟ್ಟಡಗಳಲ್ಲಿ ಹೆಚ್ಚು. ಇಂಪ್ಯಾಕ್ಟ್ ಡ್ರಿಲ್ ಸಾಕು. ಬಿಟ್‌ನಿಂದ ಕೆಂಪು ಪುಡಿ ಬರುತ್ತದೆ.

* ಕಾಂಕ್ರೀಟ್ ಗೋಡೆ: ಮುಂಬೈ, ಪುಣೆ, ಹೈದರಾಬಾದ್‌ನ ಹೊಸ ಗೋಪುರ ಕಟ್ಟಡಗಳಲ್ಲಿ ಹಲವನ್ನು ಅಲ್ಯೂಮಿನಿಯಂ ಅಚ್ಚುಗಳಲ್ಲಿ ಕಾಂಕ್ರೀಟ್ ಸುರಿದು ಕಟ್ಟುತ್ತಾರೆ. ಕೆಲಸಗಾರರ ಬಾಯಲ್ಲಿ ಇದು 'ಮಿವಾನ್' ಕಟ್ಟಡ. ಇಲ್ಲಿ ಒಳಗೋಡೆಗಳೂ ಕಾಂಕ್ರೀಟ್, ಒಳಗೆ ಕಬ್ಬಿಣ. ಬೂದು ಬಣ್ಣದ ಪುಡಿ ಬರುತ್ತದೆ, ಬಿಟ್ ಬೇಗ ಕಾಯುತ್ತದೆ. ಇದಕ್ಕೆ ರೋಟರಿ ಹ್ಯಾಮರ್ ಬೇಕು.

* ಎಎಸಿ ಬ್ಲಾಕ್ ಗೋಡೆ: ಹಗುರವಾದ, ಗುಳ್ಳೆ ಗುಳ್ಳೆಯಾದ ಬಿಳಿ ಬ್ಲಾಕ್. ಇಲ್ಲಿ ಹ್ಯಾಮರ್ ಸ್ವಿಚ್ ಹಾಕಬಾರದು. ಹೊಡೆತಕ್ಕೆ ತೂತು ಅಗಲವಾಗಿ ಪ್ಲಗ್ ಸಡಿಲವಾಗುತ್ತದೆ. ಬರೀ ತಿರುಗಿಸಿ ತೂತು ಮಾಡಿ, ಈ ಬ್ಲಾಕ್‌ಗೆಂದೇ ಬರುವ ಪ್ಲಗ್ ಬಳಸಬೇಕು. ಗೀಸರ್‌ನಂತಹ ಭಾರದ ವಸ್ತುವನ್ನು ಸಾಮಾನ್ಯ ಪ್ಲಗ್ ನಂಬಿ ತೂಗುಹಾಕಬಾರದು.

* ಟೈಲ್ಸ್: ಟೈಲ್ಸ್ ದಾಟುವವರೆಗೆ ಹ್ಯಾಮರ್ ಬೇಡ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್ ಬಿಟ್‌ನಿಂದ ನಿಧಾನವಾಗಿ ಶುರು ಮಾಡಬೇಕು. ಟೈಲ್ಸ್ ದಾಟಿದ ಮೇಲೆ ಬಿಟ್ ಬದಲಿಸಿ ಹ್ಯಾಮರ್ ಹಾಕಬಹುದು.

* ಮರ, ಲೋಹ: ಹ್ಯಾಮರ್ ಯಾವ ಕಾರಣಕ್ಕೂ ಬೇಡ. ಅವುಗಳ ಬಿಟ್‌ಗಳೂ ಬೇರೆ.

* ಪಿಲ್ಲರ್ ಮತ್ತು ಬೀಮ್: ಕಟ್ಟಡದ ಭಾರ ಹೊರುವ ಭಾಗಗಳಿವು. ಸೊಸೈಟಿಯ ಅಥವಾ ಎಂಜಿನಿಯರ್‌ನ ಒಪ್ಪಿಗೆ ಇಲ್ಲದೆ ಕೈ ಹಾಕಬಾರದು.

ಗೋಡೆಗೆ ಬಳಸುವ ಬಿಟ್‌ನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್‌ನ ಸಣ್ಣ ತುಂಡು ಇರುತ್ತದೆ. ಕತ್ತರಿಸುವುದು ಅದೇ. ಆ ತುಂಡು ಮೊಂಡಾದರೆ ಅಥವಾ ಉದುರಿದರೆ ಮಷಿನ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಪ್ಲಗ್ 8 ಮಿ.ಮೀ. ಆದರೆ ಬಿಟ್ ಕೂಡ 8 ಮಿ.ಮೀ. ಇರಬೇಕು. ತೂತಿನ ಆಳ ಪ್ಲಗ್‌ನ ಉದ್ದಕ್ಕಿಂತ ಸುಮಾರು 10 ಮಿ.ಮೀ. ಹೆಚ್ಚಿದ್ದರೆ ಪುಡಿ ಕೂರಲು ಜಾಗ ಸಿಗುತ್ತದೆ. ಪ್ಲಗ್ ಹಾಕುವ ಮುನ್ನ ಒಳಗಿನ ಪುಡಿಯನ್ನು ತೆಗೆಯಬೇಕು. ಬಾಯಿಂದ ಊದಿದರೆ ಪುಡಿ ನೇರ ಕಣ್ಣಿಗೇ ಬರುತ್ತದೆ.

ತೂತು ಹೊಡೆಯುವ ಮುನ್ನ: ಗೋಡೆಯೊಳಗೆ ಏನಿದೆ?

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇಲ್ಲಿ. ಗೋಡೆಯೊಳಗೆ ಪೈಪ್‌ನಲ್ಲಿ ಹೋಗುವ ವಿದ್ಯುತ್ ವೈರ್ ಹೊರಗೆ ಕಾಣುವುದಿಲ್ಲ. ಈ ನಾಲ್ಕು ಅಂಶಗಳನ್ನು ನೋಡದೆ ಬಿಟ್ ಇಡಬಾರದು.

1. ಸ್ವಿಚ್ ಬೋರ್ಡ್, ಪ್ಲಗ್ ಪಾಯಿಂಟ್, ಎಸಿ ಪಾಯಿಂಟ್‌ಗಳ ನೇರ ಮೇಲೆ, ನೇರ ಕೆಳಗೆ ಮತ್ತು ಅಕ್ಕಪಕ್ಕದ ನೇರ ಸಾಲಿನಲ್ಲಿ ತೂತು ಬೇಡ. ವೈರ್ ಸಾಮಾನ್ಯವಾಗಿ ಈ ಸಾಲುಗಳಲ್ಲೇ ಹೋಗಿರುತ್ತದೆ. ಓರೆಯಾಗಿ ಎಳೆದಿರುವ ಮನೆಗಳೂ ಇವೆ, ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ.

2. ಅಡುಗೆಮನೆ, ಬಚ್ಚಲುಮನೆಯಲ್ಲಿ ನಲ್ಲಿ, ಶವರ್, ಗೀಸರ್‌ಗಳ ನೇರಕ್ಕೆ ನೀರಿನ ಪೈಪ್ ಇರುತ್ತದೆ. ಆ ಗೋಡೆಯ ಹಿಂದಿನ ಕೋಣೆಯಿಂದ ತೂತು ಹೊಡೆದರೂ ಪೈಪ್‌ಗೆ ತಾಗಬಹುದು.

3. ಲೋಹ ಮತ್ತು ಕರೆಂಟ್ ವೈರ್ ಗುರುತಿಸುವ ಸಣ್ಣ ಡಿಟೆಕ್ಟರ್‌ಗಳು ಸಿಗುತ್ತವೆ. ಬಾಡಿಗೆ ಮನೆಯಾದರೆ ಮಾಲೀಕರಲ್ಲಿ ವೈರಿಂಗ್ ನಕ್ಷೆ ಇದೆಯೇ ಎಂದು ಕೇಳುವುದು ಒಳ್ಳೆಯದು.

4. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿ ಇಳಿಸಿ, ಬೇರೆ ಕೋಣೆಯ ಸರ್ಕ್ಯೂಟ್‌ನಿಂದ ಎಕ್ಸ್‌ಟೆನ್ಶನ್ ಎಳೆದು ಮಷಿನ್ ಓಡಿಸಬೇಕು. ಎಂಸಿಬಿ ಇಳಿಸಿದ ಮೇಲೆ ಆ ಕೋಣೆಯಲ್ಲಿ ನಿಜಕ್ಕೂ ಕರೆಂಟ್ ಹೋಗಿದೆಯೇ ಎಂದು ನೋಡಬೇಕು.

ಬಿಟ್ ಅಕಸ್ಮಾತ್ ಜೀವಂತ ವೈರ್‌ಗೆ ತಾಗಿದರೆ ಮಷಿನ್‌ನ ಮುಂದಿನ ಲೋಹದ ಭಾಗಕ್ಕೂ ಕರೆಂಟ್ ಬರುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಹಿಡಿಕೆಗಳನ್ನೇ ಹಿಡಿಯಬೇಕು, ಚಕ್ ಹತ್ತಿರ ಕೈ ಇಡಬಾರದು ಎನ್ನುವುದು ಇದಕ್ಕೇ. ಮಳೆಗಾಲದಲ್ಲಿ ನೀರು ಜಿನುಗಿ ಒದ್ದೆಯಾದ ಗೋಡೆಗೆ ತೂತು ಹೊಡೆಯುವ ಕೆಲಸವನ್ನು ಮುಂದೂಡುವುದೇ ಸರಿ.

ವಿದ್ಯುತ್ ವಿಷಯದಲ್ಲಿ ಎಚ್ಚರ

ಮಷಿನ್ ಮೇಲಿನ ಲೇಬಲ್‌ನಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು 'ಡಬಲ್ ಇನ್ಸುಲೇಶನ್' ಇರುವ ಮಷಿನ್. ಅದಕ್ಕೆ ಅರ್ಥಿಂಗ್ ವೈರ್ ಇರುವುದಿಲ್ಲ, ಎರಡು ಪಿನ್‌ನ ಪ್ಲಗ್ ಇದ್ದರೆ ತಪ್ಪೇನಲ್ಲ. ಈ ಗುರುತಿಲ್ಲದ, ಲೋಹದ ಮೈಯಿರುವ ಹಳೆಯ ಮಷಿನ್‌ಗಳನ್ನು ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್‌ಗೆ ಮಾತ್ರ ಹಾಕಬೇಕು.

800 ವ್ಯಾಟ್‌ನ ಮಷಿನ್ 230 ವೋಲ್ಟ್‌ನಲ್ಲಿ ಸುಮಾರು 3.5 ಆಂಪಿಯರ್ ಎಳೆಯುತ್ತದೆ. ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. 1,500 ವ್ಯಾಟ್‌ನ ದೊಡ್ಡ ಬ್ರೇಕರ್‌ಗೆ 6.5 ಆಂಪಿಯರ್ ಬೇಕು, ಅದಕ್ಕೆ 16 ಆಂಪಿಯರ್ ಸಾಕೆಟ್ ಬಳಸಬೇಕು. ಸುರುಳಿ ಸುತ್ತಿದ ಎಕ್ಸ್‌ಟೆನ್ಶನ್ ವೈರ್ ಅನ್ನು ಪೂರ್ತಿ ಬಿಚ್ಚಿ ಬಳಸಬೇಕು. ಸುತ್ತಿಟ್ಟೇ ಬಳಸಿದರೆ ಒಳಗಿನ ಬಿಸಿ ಹೊರಹೋಗದೆ ವೈರ್ ಕರಗಬಹುದು.

ಮನೆಯ ಡಿಬಿ ಬಾಕ್ಸ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ, ಕರೆಂಟ್ ಮೈ ಮೂಲಕ ನೆಲಕ್ಕೆ ಹರಿಯತೊಡಗಿದಾಗ ಅದು ಕ್ಷಣಾರ್ಧದಲ್ಲಿ ಪೂರೈಕೆ ಕಡಿಯುತ್ತದೆ. ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿ ಮೇಲಿನ 'ಟೆಸ್ಟ್' ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ಆಗಾಗ ನೋಡುತ್ತಿರಬೇಕು.

ಕೈ, ಕಾಲು, ಬಟ್ಟೆ

* ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

* ಚಕ್ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಮಷಿನ್ ಓಡಿಸಿದರೆ ಅದು ಕಲ್ಲಿನಂತೆ ಹಾರಿ ಬರುತ್ತದೆ.

* ದುಪಟ್ಟಾ, ಸೆರಗು, ಸಡಿಲ ತೋಳು, ಬಿಟ್ಟ ಕೂದಲು, ಬಳೆ, ಕೈದಾರ ಯಾವುದೂ ಬಿಟ್ ಹತ್ತಿರ ಇರಬಾರದು. ಸಡಿಲವಾದ ಬಟ್ಟೆಯ ಗ್ಲೌಸ್ ಕೂಡ ಬಿಟ್‌ಗೆ ಸುತ್ತಿಕೊಂಡು ಬೆರಳನ್ನು ಎಳೆದುಕೊಳ್ಳಬಲ್ಲದು.

* ಟ್ರಿಗರ್ ಪಕ್ಕದ 'ಲಾಕ್' ಗುಂಡಿಯನ್ನು ಏಣಿ ಅಥವಾ ಸ್ಟೂಲ್ ಮೇಲೆ ನಿಂತಾಗ ಬಳಸಬಾರದು. ಮಷಿನ್ ಕೈಜಾರಿದರೂ ಓಡುತ್ತಲೇ ಇರುತ್ತದೆ.

* ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತು ಚಾವಣಿಗೆ ತೂತು ಹೊಡೆಯುವುದು ಬೇಡ. ಬಿಟ್ ಸಿಕ್ಕಿಕೊಂಡು ಮಷಿನ್ ತಿರುಚಿದರೆ ಮೊದಲು ಜಾರುವುದು ಕುರ್ಚಿ.

* ಬಿಟ್ ಸಿಕ್ಕಿಕೊಂಡರೆ ಜಗ್ಗಬಾರದು. ಮಷಿನ್ ನಿಲ್ಲಿಸಿ, ದಿಕ್ಕು ಹಿಂದಕ್ಕೆ ಬದಲಿಸಿ, ಹ್ಯಾಮರ್ ತೆಗೆದು ನಿಧಾನ ವೇಗದಲ್ಲಿ ಬಿಡಿಸಬೇಕು. ಡ್ರಿಲ್, ಹ್ಯಾಮರ್, ಉಳಿ ಈ ಗುರುತುಗಳ ನಡುವೆ ಬದಲಿಸುವುದು ಮೋಟರ್ ಪೂರ್ತಿ ನಿಂತ ಮೇಲೆಯೇ.

* ಈಗಷ್ಟೇ ತೆಗೆದ ಬಿಟ್ ಮುಟ್ಟಿದರೆ ಬೆರಳು ಸುಡುತ್ತದೆ.

ಕಣ್ಣಿಗೆ ಕಾಣದ ಅಪಾಯ: ಧೂಳು, ಸದ್ದು, ನಡುಕ

ಇಟ್ಟಿಗೆ, ಕಾಂಕ್ರೀಟ್, ಗ್ರಾನೈಟ್ ಎಲ್ಲದರಲ್ಲೂ ಹರಳು ರೂಪದ ಸಿಲಿಕಾ ಇದೆ. ತೂತು ಹೊಡೆಯುವಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಳಿ ಸೇರುತ್ತದೆ. ಆ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ಉಸಿರಾಡಿದರೆ ಬರುವ ಕಾಯಿಲೆ ಸಿಲಿಕೋಸಿಸ್. ಅದನ್ನು ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಉಸಿರಿನೊಂದಿಗೆ ಒಳಹೋಗುವ ಈ ಸಿಲಿಕಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. 2025ರವರೆಗೆ ಜಾರಿಯಲ್ಲಿದ್ದ ಭಾರತದ ಕಾರ್ಖಾನೆಗಳ ಕಾಯ್ದೆ 1948ರಲ್ಲೂ ಸಿಲಿಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಔದ್ಯೋಗಿಕ ಕಾಯಿಲೆ ಎಂದು ಹೆಸರಿಸಲಾಗಿತ್ತು.

ವರ್ಷಕ್ಕೆ ನಾಲ್ಕು ತೂತು ಹೊಡೆಯುವವರಿಗೆ ಈ ಭಯ ಅಷ್ಟಿಲ್ಲ. ದಿನವಿಡೀ ಇದೇ ಕೆಲಸ ಮಾಡುವ ಎಲೆಕ್ಟ್ರಿಷಿಯನ್, ಪ್ಲಂಬರ್, ಎಸಿ ಕೂರಿಸುವ ಹುಡುಗರಿಗೆ ಇದು ಬದುಕಿನ ಪ್ರಶ್ನೆ. ಮುಖಕ್ಕೆ ಕಟ್ಟಿಕೊಳ್ಳುವ ಕರವಸ್ತ್ರ ಈ ಕಣಗಳನ್ನು ತಡೆಯುವುದಿಲ್ಲ. ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಒಬ್ಬರು ತೂತು ಹೊಡೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್‌ನ ಮೂತಿ ಹಿಡಿದರೆ ಬಹುಪಾಲು ಧೂಳು ಅಲ್ಲೇ ಹೋಗುತ್ತದೆ. ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮನೆಗೆ ಬಂದ ಕೆಲಸಗಾರರಿಗೆ ಒಂದು ಮಾಸ್ಕ್, ಒಂದು ಕನ್ನಡಕ ಕೊಡುವುದು ಮನೆಯವರಿಗೆ ದೊಡ್ಡ ಖರ್ಚಲ್ಲ.

ರೋಟರಿ ಹ್ಯಾಮರ್‌ನ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ನಿತ್ಯ ಗಂಟೆಗಟ್ಟಲೆ ಇದ್ದರೆ ಕಿವಿಯ ಶಕ್ತಿ ಕುಂದುತ್ತದೆ, ಹೋದದ್ದು ಮರಳುವುದಿಲ್ಲ. ಕಿವಿಗೆ ಇಯರ್ ಪ್ಲಗ್ ಇರಲಿ.

ನಡುಕದ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಬಡಿಯುವ ಮಷಿನ್ ಅನ್ನು ವರ್ಷಾನುಗಟ್ಟಲೆ ಹಿಡಿದವರ ಬೆರಳುಗಳು ಜೋಮು ಹಿಡಿದು, ಚಳಿಯಲ್ಲಿ ಬಿಳುಚಿಕೊಳ್ಳುತ್ತವೆ. ನರ ಮತ್ತು ರಕ್ತನಾಳಗಳಿಗೆ ಆಗುವ ಹಾನಿ ಇದು. ಯುರೋಪಿನ ನಿಯಮದ ಪ್ರಕಾರ ಎಂಟು ಗಂಟೆಯ ದಿನಕ್ಕೆ ಕೈ ನಡುಕದ ಮಿತಿ 5 ಮೀಟರ್ ಪ್ರತಿ ಸೆಕೆಂಡ್ ವರ್ಗ. ಅದರ ಅರ್ಧ, ಅಂದರೆ 2.5 ತಲುಪಿದಾಗಲೇ ಮಾಲೀಕರು ಮುನ್ನೆಚ್ಚರಿಕೆ ಕೈಗೊಳ್ಳಬೇಕು. ಮಷಿನ್‌ನ ನಡುಕ 10 ಎಂದು ಕೈಪಿಡಿಯಲ್ಲಿ ಬರೆದಿದ್ದರೆ, ಲೆಕ್ಕದಂತೆ ಅರ್ಧ ಗಂಟೆಯಲ್ಲಿ ಎಚ್ಚರಿಕೆಯ ಮಟ್ಟವನ್ನೂ, ಎರಡು ಗಂಟೆಯಲ್ಲಿ ಮಿತಿಯನ್ನೂ ಮುಟ್ಟಿದಂತಾಗುತ್ತದೆ. ಟ್ರಿಗರ್ ಒತ್ತಿರುವ ಸಮಯ ಮಾತ್ರ ಈ ಲೆಕ್ಕಕ್ಕೆ ಸೇರುತ್ತದೆ. ಮೊಂಡು ಬಿಟ್ ಇದ್ದರೆ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಕೈಗೂ ಹೆಚ್ಚು ಪೆಟ್ಟು.

ಗ್ರೀಸ್: ಎಲ್ಲಿ, ಯಾವಾಗ, ಎಷ್ಟು?

ಅತಿ ಹೆಚ್ಚು ತಪ್ಪು ನಡೆಯುವುದು ಈ ವಿಷಯದಲ್ಲಿ. ಗ್ರೀಸ್ ಬೇಕಾದ ಜಾಗ ಎರಡು, ಎರಡರ ನಿಯಮವೂ ಬೇರೆ.

ಬಿಟ್‌ನ ಹಿಂಭಾಗ: ಎಸ್‌ಡಿಎಸ್ ಪ್ಲಸ್ ಬಿಟ್‌ನ ಹಿಂತುದಿ 10 ಮಿ.ಮೀ. ದಪ್ಪ ಇರುತ್ತದೆ. ಅದರಲ್ಲಿ ನಾಲ್ಕು ಗಾಡಿಗಳಿವೆ. ಎರಡು ತಿರುಗಿಸಲು, ಎರಡು ಬಿಟ್ ಜಾರಿ ಬೀಳದಂತೆ ಹಿಡಿಯಲು. ಬಡಿಯುವಾಗ ಬಿಟ್ ಈ ಗೂಡಿನಲ್ಲಿ ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ. ಲೋಹಕ್ಕೆ ಲೋಹ ಉಜ್ಜುವ ಜಾಗ ಇದು. ಹಾಗಾಗಿ ಬಿಟ್ ಹಾಕುವಾಗಲೆಲ್ಲ ಹಿಂತುದಿಯನ್ನು ಬಟ್ಟೆಯಿಂದ ಒರೆಸಿ, ತೆಳುವಾಗಿ ಒಂದಿಷ್ಟು ಗ್ರೀಸ್ ಸವರಬೇಕು. ಒಂದು ಅಥವಾ ಅರ್ಧ ಗ್ರಾಂ ಸಾಕು. ಧೂಳು ಮೆತ್ತಿದ ಬಿಟ್ ಅನ್ನು ಹಾಗೇ ಹಾಕಿದರೆ ಗ್ರೀಸ್ ಜತೆ ಸಿಮೆಂಟ್ ಪುಡಿ ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ಮುಂದಿನ ರಬ್ಬರ್ ಮುಚ್ಚಳ ಹರಿದಿದ್ದರೆ ಬದಲಿಸಲೇಬೇಕು, ಧೂಳು ಒಳಹೋಗದಂತೆ ತಡೆಯುವುದು ಅದೇ.

ಗೇರ್ ಮತ್ತು ಹ್ಯಾಮರ್ ಭಾಗ: ಇದಕ್ಕೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ದಿನವೂ ವಾರವೂ ಹಾಕುವ ಅಗತ್ಯವಿಲ್ಲ. ಕಾರ್ಬನ್ ಬ್ರಷ್ ಬದಲಿಸುವ ಹೊತ್ತಿಗೆ ಗ್ರೀಸ್ ಕೂಡ ಬದಲಿಸುವುದು ರೂಢಿಯಲ್ಲಿರುವ ಒಳ್ಳೆಯ ಲೆಕ್ಕ. ಕೆಲವು ದೊಡ್ಡ ಮಾದರಿಗಳಲ್ಲಿ ಇದಕ್ಕೆಂದೇ ಬಿಚ್ಚುವ ಮುಚ್ಚಳವಿರುತ್ತದೆ. ಮಷಿನ್ ಕೆಲ ನಿಮಿಷ ಓಡಿಸಿ ಬಿಸಿ ಮಾಡಿ, ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಹಳೆಯ ಗ್ರೀಸ್ ಒರೆಸಿ, ಕೈಪಿಡಿಯಲ್ಲಿ ಹೇಳಿದಷ್ಟೇ ಗ್ರಾಂ ಹೊಸತು ಹಾಕಬೇಕು. ಮುಚ್ಚಳವಿಲ್ಲದ ಮಾದರಿಯನ್ನು ಸರ್ವಿಸ್ ಸೆಂಟರ್‌ಗೆ ಕೊಡುವುದೇ ಸರಿ.

'ಹೆಚ್ಚು ಹಾಕಿದರೆ ಒಳ್ಳೆಯದು' ಎಂಬುದು ಇಲ್ಲಿ ನಡೆಯುವುದಿಲ್ಲ. ಪಿಸ್ಟನ್ ಮತ್ತು ಸ್ಟ್ರೈಕರ್ ನಡುವೆ ಗಾಳಿ ಇರಬೇಕಾದ ಜಾಗಕ್ಕೆ ಗ್ರೀಸ್ ತುಂಬಿದರೆ ಹೊಡೆತ ಕುಂದುತ್ತದೆ. ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಮೋಟರ್ ಕಡೆಗೆ ಜಿನುಗಿದರೆ ಕಮ್ಯುಟೇಟರ್ ಹಾಳಾಗುತ್ತದೆ.

ಯಾವುದು ಹಾಕಬಾರದು? ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ. ಬಿಸಿಗೆ ಅವು ಅಂಟಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ನಿಲ್ಲದೆ ಸೋರಿಹೋಗುತ್ತದೆ. ಗಾಳಿ ಕಿಂಡಿಗಳ ಮೂಲಕ ಏನನ್ನೂ ಸಿಂಪಡಿಸಬಾರದು. ಪೆಟ್ರೋಲ್, ಥಿನ್ನರ್‌ನಿಂದ ಪ್ಲಾಸ್ಟಿಕ್ ಮೈ ಒರೆಸಿದರೆ ಬಿರುಕು ಬಿಡುತ್ತದೆ. ಇಂಪ್ಯಾಕ್ಟ್ ಡ್ರಿಲ್‌ನ ಚಕ್ ಹಲ್ಲುಗಳಿಗೆ ಗ್ರೀಸ್ ಹಚ್ಚಿದರೆ ಧೂಳು ಅಂಟಿ, ಬಿಟ್ ಜಾರುತ್ತದೆ. ಅಲ್ಲಿಗೆ ಒಣ ಬ್ರಷ್‌ನ ಸ್ವಚ್ಛತೆ ಸಾಕು.

ಕಾರ್ಬನ್ ಬ್ರಷ್ ಬದಲಿಸುವುದು

ಸವೆಯಲೆಂದೇ ಮಾಡಿದ ಭಾಗ ಇದು. ಅನೇಕ ಬ್ರಷ್‌ಗಳ ಮೇಲೆ ಸವೆತದ ಗೆರೆ ಇರುತ್ತದೆ, ಅಲ್ಲಿಗೆ ಬಂದರೆ ಬದಲಿಸಬೇಕು. ಒಂದೇ ಸವೆದಿದ್ದರೂ ಎರಡನ್ನೂ ಒಟ್ಟಿಗೆ ಹಾಕಬೇಕು. ಅದೇ ಮಾದರಿಯ ಬ್ರಷ್ ಇರಲಿ. ಅಳತೆ ಹೆಚ್ಚುಕಡಿಮೆ ಇದ್ದದ್ದನ್ನು ಉಜ್ಜಿ ಕೂರಿಸಿದರೆ ಆರ್ಮೇಚರ್ ಸುಡಬಹುದು. ಬ್ರಷ್ ಬೆಲೆ ಅಲ್ಪ, ಆರ್ಮೇಚರ್ ಬೆಲೆ ಹಲವು ಪಟ್ಟು.

ಲಕ್ಷಣ ನೋಡಿ ದೋಷ ತಿಳಿಯಿರಿ

* ಮಷಿನ್ ಆಗಾಗ ನಿಂತು ಓಡುತ್ತದೆ: ಬ್ರಷ್ ಸವೆದಿದೆ, ಇಲ್ಲವೇ ಹಿಡಿಕೆಯ ಬಳಿ ವೈರ್ ಒಳಗೇ ಮುರಿದಿದೆ.

* ತಿರುಗುತ್ತದೆ, ಬಡಿಯುವುದಿಲ್ಲ: ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಅಥವಾ ಸ್ಟ್ರೈಕರ್ ಮೇಲಿನ ರಬ್ಬರ್ ರಿಂಗ್ ಸವೆದು ಗಾಳಿ ಸೋರುತ್ತಿದೆ. ಗ್ರೀಸ್ ಹೆಚ್ಚಾಗಿದ್ದರೂ ಹೀಗಾಗುತ್ತದೆ. ಬಹಳ ದಿನ ಬಳಸದೆ ಇಟ್ಟಿದ್ದರೆ ಗ್ರೀಸ್ ಗಟ್ಟಿಯಾಗಿರಬಹುದು; ದೆಹಲಿಯ ಚಳಿಗಾಲದ ಬೆಳಗಿನಲ್ಲಿ ಕೆಲ ನಿಮಿಷ ಓಡಿಸಿ ಬಿಸಿ ಮಾಡಿದರೆ ಸರಿಹೋದೀತು.

* ಬಡಿಯುತ್ತದೆ, ತಿರುಗುವುದಿಲ್ಲ: ಸ್ವಿಚ್ ಉಳಿಯ ಗುರುತಿನಲ್ಲಿದೆ, ಇಲ್ಲವೇ ಕ್ಲಚ್ ಸವೆದಿದೆ.

* ಮುಂಭಾಗ ಕೈ ಇಡಲಾಗದಷ್ಟು ಬಿಸಿ: ಮೊಂಡು ಬಿಟ್, ಒಣಗಿದ ಗ್ರೀಸ್ ಅಥವಾ ಅತಿಯಾದ ಒತ್ತಡ.

* ಸುಟ್ಟ ವಾಸನೆ, ಹೊಗೆ, ಮುಟ್ಟಿದರೆ ಜುಮ್ ಎನ್ನುವುದು: ತಕ್ಷಣ ಪ್ಲಗ್ ಕೀಳಬೇಕು. ಪರೀಕ್ಷಿಸಲೆಂದು ಮತ್ತೊಮ್ಮೆ ಓಡಿಸಬಾರದು.

ಕೊಳ್ಳಬೇಕೋ, ಬಾಡಿಗೆಗೆ ತರಬೇಕೋ?

ಇಟ್ಟಿಗೆ ಗೋಡೆಯ ಮನೆ, ವರ್ಷಕ್ಕೆ ಹತ್ತಾರು ತೂತು, ನಡುನಡುವೆ ಮರದ ಕೆಲಸ ಎಂದಾದರೆ ಇಂಪ್ಯಾಕ್ಟ್ ಡ್ರಿಲ್ ಸಾಕು. ಕಾಂಕ್ರೀಟ್ ಗೋಡೆಯ ಫ್ಲ್ಯಾಟ್ ಆದರೆ ಸಣ್ಣ ರೋಟರಿ ಹ್ಯಾಮರ್ ಸರಿಯಾದ ಆಯ್ಕೆ. ಇಡೀ ಮನೆಗೆ ಒಂದೇ ಸಲ ಆರೇಳು ತೂತು ಬೇಕಿದ್ದರೆ ಬಾಡಿಗೆಗೆ ತರುವುದು ಲಾಭ. ಬಾಡಿಗೆ ಮಷಿನ್ ಆದರೆ ವೈರ್ ಸೀಳಿದೆಯೇ, ಪಕ್ಕದ ಹಿಡಿಕೆ ಇದೆಯೇ, ಬಿಟ್ ಗಟ್ಟಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಕೊನೆಯದಾಗಿ ನೆರೆಹೊರೆಯ ಮಾತು. ಕಾಂಕ್ರೀಟ್ ಕಟ್ಟಡದಲ್ಲಿ ಒಂದು ಮನೆಯ ಡ್ರಿಲ್ ಸದ್ದು ನಾಲ್ಕು ಮಹಡಿಗೂ ಕೇಳುತ್ತದೆ. ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಅನೇಕ ಸೊಸೈಟಿಗಳು ಮಧ್ಯಾಹ್ನದ ಹೊತ್ತು ಮತ್ತು ಭಾನುವಾರವೂ ಡ್ರಿಲ್ ಬಳಸಲು ಬಿಡುವುದಿಲ್ಲ. ಕೆಲಸ ಶುರುಮಾಡುವ ಮುನ್ನ ಸೊಸೈಟಿಯ ಸಮಯ ಕೇಳಿಕೊಂಡು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದರೆ ಜಗಳ ತಪ್ಪುತ್ತದೆ. ಗೋಡೆಯ ಆ ಬದಿಯಲ್ಲಿ ಅವರ ಪಟ, ಗಡಿಯಾರ ತೂಗುಹಾಕಿದ್ದರೆ ತೆಗೆದಿಟ್ಟುಕೊಳ್ಳಲು ಅವರಿಗೂ ಸಮಯ ಸಿಗುತ್ತದೆ.